ಅಧ್ಯಕ್ಷರು ದಾನ ಕೊಟ್ಟ ಒಡಕು ಸೋಲಾರು

ಅವರು ತೀರಿಕೊಂಡ ಮೇಲೆ ನಮ್ಮ ಕನ್ನಡ ಸಂಘದ ಭವನದಲ್ಲಿ ನುಡಿನಮನ ಇಟ್ಟಿದ್ದೆವು. ಒಂಬತ್ತು ಜನ ಮಾತಾಡಿದರು. ಒಂಬತ್ತು ಜನವೂ ‘ಕೊಡುಗೈ ದಾನಿ’ ಎಂದರು. ಏನು ಕೊಟ್ಟರು ಅಂತ ಒಬ್ಬನೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅರ್ಧ ಸಭೆ ನಗುತ್ತಿತ್ತು, ಉಳಿದರ್ಧ ಎದ್ದು ಹೋಗುತ್ತಿತ್ತು. ಹತ್ತನೆಯವನಾಗಿ ನನ್ನನ್ನು ಕರೆದರು. ನಾನೂ ಮೈಕಿನ ಮುಂದೆ ನಿಂತು ‘ಕೊಡುಗೈ ದಾನಿ’ ಎಂದು ಹೇಳಿ ಬಂದು ಕೂತೆ. ಸತ್ತವರ ಫೋಟೋ ಎದುರು, ಊದಿನಕಡ್ಡಿ ಹೊಗೆಯಲ್ಲಿ, ಖರೇ ಮಾತಾಡುವ ಎದೆ ನನಗಿಲ್ಲ. ಬರೆಯುವುದಕ್ಕೆ ಅಷ್ಟೊಂದು ಎದೆ ಬೇಕಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ಮಡಗಾಂವಿನಲ್ಲಿರುವ ನಮ್ಮ ಕಡೆಯ ಜನಕ್ಕೆ ಹೆಸರು ಬೇಕಾಗಿಯೂ ಇಲ್ಲ, ‘ಅಧ್ಯಕ್ಷರು’ ಎಂದರೆ ಸಾಕು. ಸಂಘದಲ್ಲಿ ಕಾರ್ಯದರ್ಶಿಗಳು ಬದಲಾದರು, ಖಜಾಂಚಿಗಳು ಬದಲಾದರು, ಭವನದ ಕುರ್ಚಿಗಳು ಕೂಡ ಎರಡು ಸಲ ಬದಲಾದವು. ಅಧ್ಯಕ್ಷರು ಮಾತ್ರ ಇದ್ದಲ್ಲೇ ಇದ್ದರು. ಪ್ರತಿ ವರ್ಷ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು, ಕೈ ಮುಗಿದು, “ಈ ಸಲ ನನ್ನ ಬಿಟ್ಟುಬಿಡ್ರಿ, ವಯಸ್ಸಾತು” ಎನ್ನುತ್ತಿದ್ದರು. ಅಂದವರೇ ಯಾರಾದರೂ ‘ಆಗಲಿ’ ಎನ್ನುವ ಮೊದಲು ಅದೇ ಅಧ್ಯಕ್ಷರ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು.

ಧಾರವಾಡದ ಕಡೆಯಿಂದ ಹರೆಯದಲ್ಲೇ ಬಂದು ಮಡಗಾಂವ್ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಗುಂಡು ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಮೂರರಲ್ಲಿ ಒಂದೂ ಬರೆಯುತ್ತಿರಲಿಲ್ಲ. ಸಹಿ ಹಾಕುವ ಪ್ರಸಂಗ ಬಂದರೆ ನನ್ನ ಪೆನ್ನು ಕೇಳುತ್ತಿದ್ದರು. ಇಡೀ ಆಯುಷ್ಯ ಗೋವಾದಲ್ಲಿ ಕಳೆದರೂ ಕೊಂಕಣಿ ಅವರ ನಾಲಿಗೆಗೆ ಹತ್ತಲಿಲ್ಲ. ಹತ್ತಿದ ನಾಲ್ಕು ಮಾತಿಗೂ ನಮ್ಮ ಕಡೆಯ ಮರ್ಯಾದೆ ಅಂಟಿಸಿ, ಗಿರಾಕಿ ಬಂದರೆ “ಕಿತೆಂ ಜಾಯ್ ರೀ?” ಎಂದು ವಿಚಾರಿಸುತ್ತಿದ್ದರು. ಏನು ಬೇಕು ಅಂತ ಅಷ್ಟು ಗೌರವದಿಂದ ಕೇಳುವ ಅಂಗಡಿ ಊರಲ್ಲಿ ಬೇರೆ ಇರಲಿಲ್ಲ, ಹಾಗಾಗಿ ವ್ಯಾಪಾರವೂ ಚೆನ್ನಾಗಿಯೇ ನಡೆಯಿತು.

ಅವರ ಗುಣವೆಂದರೆ, ಅವರಿಗೆ ಏನನ್ನೂ ಎಸೆಯಲು ಬರುತ್ತಿರಲಿಲ್ಲ. ಜಿಪುಣರೇ ಎಂದರೆ ಅಲ್ಲ. ಜಿಪುಣರು ಇಟ್ಟುಕೊಳ್ಳುತ್ತಾರೆ, ಇವರು ಕೊಡುತ್ತಿದ್ದರು. ಕೆಟ್ಟದ್ದು, ಮುರಿದದ್ದು, ತುಕ್ಕು ಹಿಡಿದದ್ದು ಯಾವುದೇ ಇರಲಿ, ಅದಕ್ಕೊಬ್ಬ ಬಡವನನ್ನು ಹುಡುಕಿ, ಒಂದು ಸಭೆ ಮಾಡಿ, ಎರಡು ಮಾತಾಡಿ, ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. “ಚೆಲ್ಲೂದು ಯಾಕ್ರಿ ಮಾಸ್ತರ? ಕೊಟ್ರ ಪುಣ್ಯ ಬರ್ತದ” ಎಂಬುದು ಅವರ ಮಾತು. ಬೆಳಿಗ್ಗೆ ಮುನ್ಸಿಪಾಲಿಟಿಯ ಕಸದ ಗಾಡಿ ಬಂದರೂ ಹಸಿ ಕಸ, ಒಣ ಕಸ ಎರಡನ್ನೂ ಎರಡು ಕೈಯಲ್ಲಿ ಹಿಡಿದು, ಬಾಗಿ, ಬಾಗಿನ ಕೊಟ್ಟ ಹಾಗೆ ಕೊಡುತ್ತಾರೆ ಅಂತ ಅವರ ಮನೆಯವರೇ ನಗುತ್ತಿದ್ದರು.

ಸಂಘದ ಬಾಲವಾಡಿಗೆ ಒಂದು ಸೀಲಿಂಗ್ ಫ್ಯಾನ್ ಕೊಟ್ಟರು. ಮೂರು ರೆಕ್ಕೆಗೂ ಕೆಂಪು ಬಣ್ಣದಲ್ಲಿ ತಮ್ಮ ಹೆಸರು ಬರೆಸಿದ್ದರು. ತಿರುಗುವಾಗ ಹೆಸರು ಯಾರಿಗೆ ಕಾಣುತ್ತದೆ ಎಂದು ನಾವೆಲ್ಲ ಒಳಗೊಳಗೇ ನಕ್ಕೆವು. ಫ್ಯಾನ್ ಹಾಕಿದ ಮೇಲೆ ತಿಳಿಯಿತು, ನಕ್ಕವರು ನಾವೇ ದಡ್ಡರು. ಅದು ಎಷ್ಟು ನಿಧಾನ ತಿರುಗುತ್ತಿತ್ತೆಂದರೆ ಅಕ್ಷರ ಕಲಿಯುವ ಮಕ್ಕಳು ಕೂಡ ಕೆಳಗೆ ಕೂತು ಹೆಸರನ್ನು ಒತ್ತಿ ಒತ್ತಿ ಓದುತ್ತಿದ್ದವು.

ಇನ್ನು ಶಾಲು. ಎಲ್ಲೇ ಸನ್ಮಾನವಾಗಲಿ, ಅವರಿಗೊಂದು ಶಾಲು ಬರುತ್ತಿತ್ತು. ಬಂದದ್ದೆಲ್ಲ ಮನೆಯ ಕಪಾಟಿಗೆ ಹೋಗಿ, ಸಂಘದ ಮುಂದಿನ ಸನ್ಮಾನಕ್ಕೆ ವಾಪಸ್ ಹೊರಡುತ್ತಿತ್ತು. ನನಗೆ ಒಂದು ಸಲ ಹೊದಿಸಿದ ಶಾಲನ್ನು ಮನೆಗೆ ಬಂದು ಬಿಚ್ಚಿದರೆ ಮಡಿಕೆಯಲ್ಲಿ ಒಂದು ಚೀಟಿ ಸಿಕ್ಕಿತು. ‘ಡಾಕ್ಟರ್ ಸಾಹೇಬರಿಗೆ ಪ್ರೀತಿಪೂರ್ವಕ’ ಎಂದು ಬರೆದಿತ್ತು. ಯಾವ ಡಾಕ್ಟರು, ಯಾವ ಪ್ರೀತಿ, ಇವತ್ತಿಗೂ ಗೊತ್ತಿಲ್ಲ. ಚಳಿಗಾಲದಲ್ಲಿ ಆ ಶಾಲನ್ನು ನಾನೇ ಹೊದೆಯುತ್ತೇನೆ.

ಕೊಡುವಾಗ ಫೋಟೋ ಆಗಲೇಬೇಕು. ಗಂಡಸರಾದರೆ ಅವರ ಎರಡೂ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು, ಹೆಂಗಸರಾದರೆ ಕೊಡುವ ಸಾಮಾನಿನ ಇನ್ನೊಂದು ತುದಿ ಹಿಡಿಯುತ್ತಿದ್ದರು. ಫೋಟೋದವನು ತಲೆ ಅಲ್ಲಾಡಿಸುವವರೆಗೆ ಹಿಡಿತ ಬಿಡುತ್ತಿರಲಿಲ್ಲ. ಅವನು ಪಕ್ಕದ ಸ್ಟುಡಿಯೋದವನು, ಅಂಜುಬುರುಕ, ಒಂದು ಪ್ರಸಂಗಕ್ಕೆ ಹತ್ತು ಸಲ ತೆಗೆಯುವವನು. ಅಷ್ಟು ಹೊತ್ತು ತೆಗೆದುಕೊಂಡವರು ಅಲ್ಲಾಡದೆ ನಿಲ್ಲಬೇಕು.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಐಟಿಐಯಲ್ಲಿ ಎಲೆಕ್ಟ್ರಿಕಲ್ ಕಲಿಸುತ್ತಿದ್ದ ಮಾಸ್ತರ, ಈಗ ನಿವೃತ್ತ. ಸಂಘದ ಕಾರ್ಯದರ್ಶಿ. ಅಧ್ಯಕ್ಷರ ಭಾಷಣ, ಆಮಂತ್ರಣ, ಸನ್ಮಾನಪತ್ರ ಎಲ್ಲವೂ ನನ್ನ ಕೈಬರಹ. ಅವರನ್ನು ‘ಕೊಡುಗೈ ದಾನಿ’ ಎಂದು ಮೊದಲು ಕರೆದವನೂ ನಾನೇ. ಹಾಗಾಗಿ ಇದರಲ್ಲಿ ಅವರನ್ನು ಬೈದಷ್ಟೂ ಅರ್ಧ ನನಗೇ ಬಂತು ಅಂತ ತಿಳಿಯಬೇಕು.

ಭವನದ ಮಾಳಿಗೆ ಮೇಲೆ ಇಪ್ಪತ್ತು ಸೋಲಾರ್ ಪ್ಯಾನೆಲ್ ಕೂತದ್ದು ಅವರ ದೊಡ್ಡ ಸಾಧನೆ. ಉದ್ಘಾಟನೆಯ ದಿನ ಭಾಷಣ ಮಾಡುತ್ತ ಮಾಡುತ್ತ ಉಮೇದು ಬಂದು, ಸೂರ್ಯನನ್ನು ಸಂಘದ ಆಜೀವ ಸದಸ್ಯ ಎಂದು ಘೋಷಿಸಿಬಿಟ್ಟರು. ಎರಡು ವರ್ಷ ಆ ಸದಸ್ಯ ನೆಟ್ಟಗೆ ಕೆಲಸ ಮಾಡಿದ. ಆಮೇಲೆ ಒಂದು ಮೇ ತಿಂಗಳ ಕೊನೆಗೆ ಎದ್ದ ಗಾಳಿಗೆ ಪಕ್ಕದ ಹಿತ್ತಲಿನ ತೆಂಗಿನಮರ ಮಾಳಿಗೆ ಮೇಲೆ ಅಡ್ಡ ಬಿತ್ತು. ಹನ್ನೆರಡು ಪ್ಯಾನೆಲ್ ಒಡೆದವು. ಚೂರುಚೂರಾಗಿ ಬೀಳಲಿಲ್ಲ. ಗಾಜೆಲ್ಲ ಸೀಳು ಬಿಟ್ಟು, ಬೆಳ್ಳಗೆ ಜಾಲರಿಯಾಗಿ, ಅಲ್ಯೂಮಿನಿಯಂ ಚೌಕಟ್ಟಿನೊಳಗೆ ಹಾಗೇ ಅಂಟಿಕೊಂಡು ಕೂತಿತು. ಬೀಳದೆ ಉಳಿದದ್ದೇ ತಪ್ಪಾಯಿತು. ಬಿದ್ದು ಪುಡಿಯಾಗಿದ್ದರೆ ದಾನಕ್ಕೆ ಬರುತ್ತಿರಲಿಲ್ಲ.

ಕಂಪನಿಯ ಸೂಪರ್‌ವೈಸರ್ ಬಂದು ನೋಡಿದ. ಹೊಸದು ಹಾಕಿಕೊಡುತ್ತೇನೆ ಎಂದ. ಹಳೆಯದು? “ಪುರಾನಾ ಮಾಲ್ ಆಪ್ ಕಾ ಹೈ” ಎಂದು ಹೇಳಿ, ಕೆಳಗಿಳಿಸಿ, ಭವನದ ಹಿಂದೆ ಗೋಡೆಗೆ ಒರಗಿಸಿ ಹೋದ. ಕಸದ ಗಾಡಿಯವರನ್ನು ಕೇಳಿದರೆ “ಹೆಂ ಆಮ್ಕಾಂ ನಾಕಾ”, ಇದು ನಮಗೆ ಬೇಡ, ಎಂದು ಗಾಡಿಯಿಂದ ಇಳಿಯಲೇ ಇಲ್ಲ. ಗುಜರಿಯವನು ಬಂದು, ಬೆರಳಿಂದ ತಟ್ಟಿ, ಚೌಕಟ್ಟು ಮತ್ತು ವೈರು ಕಿತ್ತುಕೊಂಡು ಹೋಗುತ್ತೇನೆ, ಗಾಜು ನೀವೇ ಇಟ್ಟುಕೊಳ್ಳಿ ಎಂದ. ಗಾಜೇ ಅಲ್ಲವೇ ನಮ್ಮ ತಲೆನೋವು! ಇಂಥವನ್ನು ಬಿಡಿಸಿ ಗಾಜು, ಲೋಹ, ಸೀಸ ಬೇರೆ ಬೇರೆ ಮಾಡುವ ಕಾರ್ಖಾನೆ ಇದೆಯೆಂದು ನನಗೆ ಗೊತ್ತಿತ್ತು. ಗೋವಾದ ಹೊರಗಿನ ಒಂದಕ್ಕೆ ಫೋನ್ ಮಾಡಿದೆ. ಹನ್ನೆರಡಕ್ಕೆ ಲಾರಿ ಕಳಿಸಲಾಗದು, ಒಂದು ಲಾರಿ ತುಂಬುವಷ್ಟು ಕೂಡಿಸಿ ಆಮೇಲೆ ಹೇಳಿ ಎಂದರು. ಅಷ್ಟು ಕೂಡಿಸಲು ನಾಲ್ಕು ಊರು ಅಲೆಯಬೇಕು. ನಾನು ಅಲೆಯಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಮಹಬೂಬಿ ಬಂದಳು. ಸಿಂದಗಿ ಕಡೆಯವಳು. ಗಂಡ ದಾಬೋಲಿಮ್ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಮಡಗಾಂವಿನ ಮೋತಿ ಡೊಂಗರ್ ಗುಡ್ಡದ ಮೇಲೆ ತಗಡಿನ ಮನೆ. ಅವಳು ಜೋಳದ ರೊಟ್ಟಿ ಬಡಿದು ಬುಟ್ಟಿಯಲ್ಲಿ ತಂದು ನಮ್ಮ ಕಡೆಯ ಮನೆಗಳಿಗೆ, ಗೌಂಡಿಗಳ ಅಡ್ಡೆಗಳಿಗೆ ಕೊಡುತ್ತಿದ್ದಳು. ಅಂಗೈ ಅಗಲಿಸಿ ತಟ್ಟುತ್ತ ತಟ್ಟುತ್ತ ತಟ್ಟೆಯಗಲ ಮಾಡುವ ಅಂಥ ತೆಳ್ಳನೆ ರೊಟ್ಟಿ ನನ್ನ ತಾಯಿಯ ಕೈಯಲ್ಲೂ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಸೆಂಟ್ರಿಂಗ್ ಕೆಲಸ ನಿಲ್ಲುತ್ತದೆ, ಗಂಡ ಮನೆಯಲ್ಲಿ ಕೂರುತ್ತಾನೆ. ಆ ನಾಲ್ಕು ತಿಂಗಳು ಅವಳ ಬಲಗೈ ತಟ್ಟಿದರೆ ಮನೆಯಲ್ಲಿ ಊಟ, ಇಲ್ಲದಿದ್ದರೆ ಇಲ್ಲ. ಅಧ್ಯಕ್ಷರಿಗೆ ಅವಳ ರೊಟ್ಟಿಯೇ ಆಗಬೇಕು. ಅಂಚು ಒಂಚೂರು ದಪ್ಪಗಿದ್ದರೆ ವಾಪಸ್ ಕಳಿಸುವಷ್ಟು ಆ ರೊಟ್ಟಿಯ ಪ್ರೇಮಿ.

ಅವತ್ತು ಭವನದ ಕಟ್ಟೆ ಮೇಲೆ ಬುಟ್ಟಿ ಇಳಿಸಿ ಅವಳು ಹೇಳಿದಳು, “ಹೋದ ವರ್ಷದ ತಾಡಪತ್ರಿ ಹರದು ಚಿಂದಿ ಆಗೈತ್ರಿ ಸಾವ್ಕಾರ್ರ. ಮಳಿ ಬರೂದ್ರೊಳಗ ಒಲಿ ಮ್ಯಾಲ ಏನಾರ ಹೊಚ್ಚಬೇಕು. ಒಲಿ ತೊಯ್ದ್ರ ನಾ ರೊಟ್ಟಿ ಎಲ್ಲಿ ಬಡೀಲಿ?”

ಅಧ್ಯಕ್ಷರು ಬಾಯಲ್ಲಿದ್ದ ತುತ್ತು ನುಂಗಿ ಗೋಡೆಗೆ ಒರಗಿದ ಪ್ಯಾನೆಲ್ಲುಗಳ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟ ನನಗೆ ಹೊಸದಲ್ಲ. ಫ್ಯಾನ್ ಕೊಡುವ ಮೊದಲೂ ಹಾಗೇ ನೋಡಿದ್ದರು.

ಅವಳು ಹೋದ ಮೇಲೆ ನಾನು ಹೇಳಿದೆ. ಹೇಳಿದ್ದು ಖರೇ, ಇಷ್ಟನ್ನು ನನ್ನ ಪರವಾಗಿ ಬರೆದುಕೊಳ್ಳುತ್ತೇನೆ. “ಅಧ್ಯಕ್ಷರ, ಅದು ಬ್ಯಾಡ್ರಿ. ಗಾಜು ಒಡದದ, ಆದ್ರ ಬಿಸಿಲು ಬಿದ್ರ ಒಳಗ ಕರೆಂಟ್ ಹುಟ್ತದ. ಅದಕ್ಕ ಸ್ವಿಚ್ ಇಲ್ಲ, ಆಫ್ ಮಾಡಾಕ ಬರೂದಿಲ್ಲ.”

“ಒಡದದ್ದು ಕರೆಂಟ್ ಹೆಂಗ ಕೊಡ್ತದ್ರಿ ಮಾಸ್ತರ? ಒಡದ ಕೊಡದಾಗ ನೀರ್ ನಿಂದರ್ತಾವೇನು?”

“ಕೊಡ ಬ್ಯಾರೆ, ಇದು ಬ್ಯಾರೆ. ಕೊಡ್ತದ್ರಿ.”

“ಹಂಗಾರ ಇನ್ನೂ ಚಲೋ ಆತಲ್ಲ! ಮಾಳಿಗಿ ಕೊಟ್ಟಂಗೂ ಆತು, ಕರೆಂಟ್ ದಾನ ಮಾಡಿದಂಗೂ ಆತು.” ಹೊಟ್ಟೆ ಕುಣಿಸಿ ನಕ್ಕರು. ನಕ್ಕು ಮುಗಿಸಿ, ದನಿ ತಗ್ಗಿಸಿ, “ಅಂದಂಗ ಈ ವರ್ಷದ ಹಿರಿಯ ಶಿಕ್ಷಕ ಸನ್ಮಾನಕ್ಕ ನಿಮ್ಮ ಹೆಸರು ಹೇಳಬೇಕಂತ ಮಾಡೇನಿ. ಏನಂತೀರಿ?” ಎಂದರು.

ಏನನ್ನಲಿ! ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ, ಯಾವ ಸಭೆಯಲ್ಲೂ ಮಾಸ್ತರ ಎಂದು ನನಗೆ ಸನ್ಮಾನ ಆಗಿರಲಿಲ್ಲ. ಡಾಕ್ಟರ ಚೀಟಿ ಇದ್ದ ಆ ಶಾಲು ಕೂಡ ಸಂಘದ ಲೆಕ್ಕ ನೋಡಿಕೊಂಡದ್ದಕ್ಕೆ ಬಂದದ್ದು. ನನ್ನ ಬಾಯಿ ಮುಚ್ಚಿತು, ಮುಚ್ಚಿದ್ದು ಸಾಲದೆಂದು ಪೆನ್ನು ತೆರೆದುಕೊಂಡಿತು. ಆ ಸಂಜೆಯೇ ಕೂತು ಯೋಜನೆಗೆ ಒಂದು ಹೆಸರು ಹೊಂದಿಸಿಕೊಟ್ಟೆ: ‘ಸೂರಿಗೊಂದು ಸೂರ್ಯ’. ಅಧ್ಯಕ್ಷರು ಅದನ್ನು ನಾಲ್ಕು ಸಲ ಬಾಯಲ್ಲಿ ಆಡಿಸಿ, “ಏನ್ ತಲಿ ಅದ ನೋಡ್ರಿ ನಮ್ಮ ಮಾಸ್ತರದು!” ಎಂದು ಬಂದುಹೋದವರಿಗೆಲ್ಲ ಹೇಳಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಭಾರೀ ಖುಷಿಯಾಗಿತ್ತು.

ಕಾರ್ಯಕ್ರಮ ಜೋರಾಗಿಯೇ ಆಯಿತು. ಗುಡ್ಡದ ಮೂರು ಮನೆಗಳಿಗೆ ನಾಲ್ಕು ನಾಲ್ಕು ಪ್ಯಾನೆಲ್. ಒಂದೊಂದಕ್ಕೂ ಕೆಂಪು ರಿಬ್ಬನ್ ಕಟ್ಟಿದ್ದೆವು. ಎತ್ತಿ ತಂದವರ ಕೈಗೆ ಗಾಜಿನ ಚೂರು ಚುಚ್ಚಿ ರಿಬ್ಬನ್ನಿಗೆ ಅಲ್ಲಲ್ಲಿ ರಕ್ತ ಹತ್ತಿತ್ತು, ಫೋಟೋದಲ್ಲಿ ಅದು ರಿಬ್ಬನ್ನಿನ ಬಣ್ಣದಲ್ಲೇ ಸೇರಿಹೋಗಿದೆ. ಮಹಬೂಬಿ ವೇದಿಕೆ ಮೇಲೆ ಒಂದು ತುದಿ ಹಿಡಿದಳು, ಅಧ್ಯಕ್ಷರು ಇನ್ನೊಂದು ತುದಿ. ಇಪ್ಪತ್ತು ಕಿಲೋ ಮೇಲಿನ ಸಾಮಾನು. ಭಾರವೆಲ್ಲ ಅವಳ ಕಡೆ, ಮುಗುಳ್ನಗೆಯೆಲ್ಲ ಅಧ್ಯಕ್ಷರ ಕಡೆ. ಫೋಟೋದವನು ತೆಗೆದೇ ತೆಗೆದ.

“ಆತೇನ್ರಿ ಸಾವ್ಕಾರ್ರ? ಕೈ ಸೋತಾವು” ಎಂದಳು ಮಹಬೂಬಿ. ಮೈಕು ಅದನ್ನು ಇಡೀ ಸಭೆಗೆ ಕೇಳಿಸಿತು. ಸಭೆ ಚಪ್ಪಾಳೆ ಹೊಡೆಯಿತು.

ಪ್ಯಾನೆಲ್ಲಿನ ಬೆನ್ನಿಗೆ ಎರಡೆರಡು ವೈರು ಜೋತಾಡುತ್ತಿದ್ದವು, ತುದಿಯಲ್ಲಿ ಒಂದಕ್ಕೊಂದು ಟಕ್ಕೆಂದು ಸಿಕ್ಕಿಕೊಳ್ಳುವ ಪ್ಲಗ್ಗು. ಅವನ್ನು ಬುಡಕ್ಕೆ ಕತ್ತರಿಸಿ ಟೇಪು ಸುತ್ತಿದ್ದರೂ ಅರ್ಧ ಅಪಾಯ ಹೋಗುತ್ತಿತ್ತು. ಕಟರ್ ನನ್ನ ಚೀಲದಲ್ಲೇ ಇತ್ತು. ನಾನು ಮೈಕಿನ ಕೀರಲು ಸರಿಮಾಡುತ್ತ ಓಡಾಡಿದೆ.

ಮಹಬೂಬಿಯ ಗಂಡ ಬಹಳ ಒಪ್ಪ ಓರಣದ ಮನುಷ್ಯ. ಸೆಂಟ್ರಿಂಗ್ ಕೆಲಸದವರು ತಂತಿಯ ತುದಿ ಜೋತಾಡಲು ಬಿಡುವುದಿಲ್ಲ. ಕಬ್ಬಿಣ ಕಟ್ಟಿದ ಮೇಲೆ ಪ್ರತಿ ತುದಿಯನ್ನೂ ಮಡಚಿ ಒಳಗೆ ಸೇರಿಸಬೇಕು, ಇಲ್ಲದಿದ್ದರೆ ಮೇಸ್ತ್ರಿ ಬೈಯುತ್ತಾನೆ. ಒಲೆಯ ಮೇಲೆ ನಾಲ್ಕು ಪ್ಯಾನೆಲ್ ಸಾಲಾಗಿ ಹಾಸಿ, ಜೋತಾಡುವ ವೈರು ನೋಡಿ, ಅವನು ಒಂದರದ್ದನ್ನು ಇನ್ನೊಂದಕ್ಕೆ ಟಕ್ ಟಕ್ ಎಂದು ಸಿಕ್ಕಿಸಿ ಅಂದವಾಗಿ ಕಟ್ಟಿದ. ಒಂದೊಂದೇ ಇದ್ದಿದ್ದರೆ ಕೈ ಜುಮ್ ಎಂದು ಬಿಡುತ್ತಿತ್ತೋ ಏನೋ. ನಾಲ್ಕೂ ಸಾಲಾಗಿ ಸೇರಿದರೆ ಅದು ಮನುಷ್ಯನನ್ನು ಹಿಡಿದರೆ ಬಿಡುವ ಕರೆಂಟಲ್ಲ.

ಒಂದು ವಾರ ಬಿಡದೆ ಮಳೆ ಸುರಿಯಿತು. ಮೋಡದಲ್ಲಿ ಏನೂ ಆಗಲಿಲ್ಲ. “ಒಂದು ಹನಿ ಸೋರಲಿಲ್ರಿ” ಎಂದು ಅವಳು ರೊಟ್ಟಿ ತಂದಾಗ ಹೇಳಿದಳು. ಅಧ್ಯಕ್ಷರು ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಎಂಟನೇ ದಿನ ಬೆಳಿಗ್ಗೆ ಮಳೆ ನಿಂತು ಚುರುಕು ಬಿಸಿಲು ಬಿತ್ತು. ಒಡೆದ ಗಾಜಿನ ಸೀಳಿನಲ್ಲಿ ವಾರದ ನೀರು ಇಳಿದಿತ್ತು, ಆ ನೀರಿನಿಂದ ಕರೆಂಟ್ ಚೌಕಟ್ಟಿಗೂ ಹರಿದಿತ್ತು. ಒಲೆಯ ಹೊಗೆ ಹೋಗಲಿ ಎಂದು ಮಹಬೂಬಿ ಹಿಟ್ಟಿನ ಹಸಿಗೈಯಲ್ಲೇ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮೇಲಿನ ಚೌಕಟ್ಟನ್ನು ಹಿಡಿದು ಎತ್ತಿದಳು. ಕೈ ಮುಷ್ಟಿ ಕಟ್ಟಿ ಅಲ್ಲೇ ಅಂಟಿತು. ಪಕ್ಕದ ಮನೆಯವಳು ಒಣ ಕಟ್ಟಿಗೆಯಿಂದ ಮಣಿಕಟ್ಟಿಗೆ ಹೊಡೆದು ಹೊಡೆದು ಬಿಡಿಸಿದಳು. ಆ ಹೆಂಗಸಿಗೆ ಇದ್ದ ಬುದ್ಧಿ ನಮ್ಮ ಇಡೀ ಕಾರ್ಯಕಾರಿ ಸಮಿತಿಗೆ ಇರಲಿಲ್ಲ.

ಜೀವ ಉಳಿಯಿತು. ಬಲ ಅಂಗೈ ಸುಟ್ಟಿತು. ಮಧ್ಯದ ಬೆರಳು, ಉಂಗುರದ ಬೆರಳು ಒಳಕ್ಕೆ ಮಡಚಿಕೊಂಡವು. ಇನ್ನು ಪೂರ್ತಿ ಬಿಚ್ಚಿಕೊಳ್ಳುವುದು ಕಷ್ಟ ಎಂದರು ಸರಕಾರಿ ದವಾಖಾನೆಯ ಡಾಕ್ಟರು.

ಅಧ್ಯಕ್ಷರು ನೋಡಲು ಹೋದರು. ಹೇಗೆ ಹೋದರು ಅಂತೀರಿ? ಹಣ್ಣಿನ ಬುಟ್ಟಿ, ಒಂದು ಶಾಲು, ಫೋಟೋದವನು, ನಾನು. ಅಪಾಯವನ್ನು ಗೆದ್ದು ಬಂದ ಧೀರ ಮಹಿಳೆ ಎಂದು ಎರಡು ಸಾಲು ಬರೆದುಕೊಡಲು ದಾರಿಯಲ್ಲಿ ನನಗೆ ಹೇಳಿದ್ದರು. ಅವರಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಮನುಷ್ಯನಿಗೆ ದುಃಖವಾದರೆ ಅಳುತ್ತಾನೆ, ಅವರಿಗೆ ದುಃಖವಾದರೆ ಸನ್ಮಾನ ಮಾಡಬೇಕು ಅನ್ನಿಸುತ್ತಿತ್ತು. ವಾರ್ಡಿನಲ್ಲಿ ಶಾಲು ಬಿಚ್ಚಿ ಅವಳ ಮಂಚದ ಹತ್ತಿರ ಬಾಗಿದರು.

ಮಹಬೂಬಿ ಎಡಗೈ ಅಡ್ಡ ಹಿಡಿದಳು. “ಶಾಲ್ ಬ್ಯಾಡ್ರಿ ಸಾವ್ಕಾರ್ರ. ಮೊದಲ ಆ ಪ್ಲೇಟ್ ಇಳಿಸಿ ಒಯ್ರಿ. ನನ್ನ ಗಂಡ ಮುಟ್ಟಾಕ ಹೆದರಾಕತ್ತಾನ. ಮನ್ಯಾಗ ಸಣ್ಣ ಹುಡುಗ್ರು ಅದಾವು.”

ಅಧ್ಯಕ್ಷರು ಶಾಲನ್ನು ಮಡಚಿದರು. ನಾಲ್ಕು ಮಡಿಕೆ ಮಾಡುವಲ್ಲಿ ಎಂಟು ಮಾಡಿದರು. ಹೊರಗೆ ಬಂದು, “ಕೊಟ್ಟದ್ದು ವಾಪಸ್ ತಗೋಬಾರದು ಮಾಸ್ತರ. ದೋಷ ಬರ್ತದ” ಎಂದರು. ನನಗೆ ಮೈ ಉರಿಯಿತು. ಜನ್ಮದಲ್ಲಿ ಮೊದಲ ಸಲ ಅವರ ಮುಖಕ್ಕೆ ಹೊಡೆದಂತೆ ಹೇಳಿದೆ, “ದೋಷ ಬಂದು ಆಗೇದ್ರಿ, ಆಕೀ ಕೈಯಾಗ ಬಂದದ.” ಫೋಟೋದವನು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ.

ಮರುದಿನ ಬೆಳಗಾಗುತ್ತಲೇ ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ದೊಡ್ಡ ಗಂಟು. “ಏರೂಣ ನಡೀರಿ” ಎಂದರು. ಎಪ್ಪತ್ತು ದಾಟಿದ ಮನುಷ್ಯ, ಮೊಣಕಾಲು ಎರಡೂ ಹೋಗಿವೆ, ಮೋತಿ ಡೊಂಗರಿನ ಪಾಚಿಗಟ್ಟಿದ ಮೆಟ್ಟಿಲು. ಹತ್ತು ಮೆಟ್ಟಿಲಿಗೊಮ್ಮೆ ಕೂರುತ್ತ, ಏದುತ್ತ, ಹತ್ತಿದರು. ಬೆಳಕು ಬೀಳದಂತೆ ಪ್ಯಾನೆಲ್ ಮುಚ್ಚದೆ ವೈರು ಬಿಡಿಸಬಾರದು, ದಪ್ಪ ಬಟ್ಟೆ ಬೇಕು ಎಂದು ರಾತ್ರಿ ಫೋನಿನಲ್ಲಿ ಹೇಳಿದ್ದೆ. ಗಂಟು ಬಿಚ್ಚಿದರೆ ಶಾಲುಗಳು. ಕಪಾಟಿನಲ್ಲಿದ್ದವೆಲ್ಲ! ಜರಿಯಂಚಿನವು, ಕಾಶ್ಮೀರದವು, ಮಠಗಳಿಂದ ಬಂದವು. ಒಡೆದ ಪ್ಯಾನೆಲ್ಲುಗಳಿಗೆ ಎರಡೆರಡು ಪದರ ಶಾಲು ಹೊದಿಸಿ, ನಾನು ರಬ್ಬರ್ ಕೈಗವಸು ಹಾಕಿ ಒಂದೊಂದೇ ಪ್ಲಗ್ಗು ಬಿಡಿಸಿದೆ. ಮೂರು ಮನೆಯವೂ ಇಳಿದವು. ಇಷ್ಟು ಜನಕ್ಕೆ ಸನ್ಮಾನ ಆದದ್ದು ಸಂಘದ ಚರಿತ್ರೆಯಲ್ಲೇ ಇಲ್ಲ ಎಂದು ನನಗೆ ಅನ್ನಿಸಿತು, ಆದರೆ ಅವತ್ತು ಅದನ್ನು ಹೇಳುವ ಹಾಗಿರಲಿಲ್ಲ.

ಮೂರೂ ಮನೆಗೆ ಹೊಸ ತಾಡಪತ್ರಿ ತರಿಸಿ ಹೊದಿಸಿದರು, ತಮ್ಮದೇ ಅಂಗಡಿಯಿಂದ, ಪ್ಯಾಕು ಒಡೆಯದ್ದು. ನಾನು ನೋಡಿದಂತೆ ಅವರು ಹೊಸ ಸಾಮಾನು ಕೊಟ್ಟದ್ದು ಅದೊಂದೇ ಸಲ. ಇದನ್ನು ನುಡಿನಮನದಲ್ಲಿ ಯಾರೂ ಹೇಳಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿಲ್ಲ. ಇಳಿಯುವಾಗ ಅರ್ಧ ದಾರಿಯಲ್ಲಿ ಕೂತು, ಬೆವರು ಒರೆಸಿಕೊಂಡು, “ಮಾಸ್ತರ, ಒಂದು ಫೋಟೋ ತಗೀಬೇಕಿತ್ತೇನ್ರಿ?” ಎಂದರು. ನಾನು ಗುರಾಯಿಸಿದೆ. “ಬ್ಯಾಡ ಬಿಡ್ರಿ, ಸುಮ್ಮನ ಕೇಳ್ದೆ” ಎಂದು ಎದ್ದರು. ಹುಟ್ಟುಗುಣ ಎಲ್ಲಿ ಹೋಗುತ್ತದೆ!

ಪ್ಯಾನೆಲ್ಲುಗಳು ಅವರ ಗೋಡೌನಿನಲ್ಲಿ ಗೋಡೆಗೆ ಮುಖ ಮಾಡಿ ನಿಂತವು. ಮಹಬೂಬಿ ಮೂರು ತಿಂಗಳಾದ ಮೇಲೆ ಎಡಗೈಯಲ್ಲಿ ರೊಟ್ಟಿ ಬಡಿಯಲು ಕೂತಳು. ಮೊದಲಿನ ಅರ್ಧವೂ ಆಗುತ್ತಿರಲಿಲ್ಲ. ದಪ್ಪ, ಸೊಟ್ಟ, ಅಂಚು ಸೀಳಿದವು. ಅಡ್ಡೆಯ ಗಿರಾಕಿಗಳು ಒಬ್ಬೊಬ್ಬರೇ ಬಿಟ್ಟರು, ಅವಳ ಗಂಡ ಮಳೆಗಾಲದಲ್ಲೂ ಮಡ್ಕಯಿಯ ಕಾರ್ಖಾನೆಗೆ ಹೊರೆ ಹೊರಲು ಹೋಗಬೇಕಾಯಿತು. ಅಧ್ಯಕ್ಷರು ಬಿಡಲಿಲ್ಲ. ಅಂಚು ದಪ್ಪಗಿದ್ದರೆ ವಾಪಸ್ ಕಳಿಸುತ್ತಿದ್ದ ಮನುಷ್ಯ ಆ ರೊಟ್ಟಿಯನ್ನು ಸಾಯುವವರೆಗೆ ಕಮಕ್ ಕಿಮಕ್ ಅನ್ನದೆ ತಿಂದರು. ಹಲ್ಲು ನೋಯುತ್ತದೆ ಎಂದು ಮನೆಯವರ ಹತ್ತಿರ ಹೇಳುತ್ತಿದ್ದರಂತೆ, ಅವಳ ಮುಂದೆ ಒಮ್ಮೆಯೂ ಹೇಳಲಿಲ್ಲ. ನನ್ನ ಸನ್ಮಾನವೂ ಆ ವರ್ಷ ಆಯಿತು. ಹೋಗಿ ಹೊದಿಸಿಕೊಂಡು ಬಂದೆ. ಬೇಡ ಎನ್ನಲಿಲ್ಲ.

ನುಡಿನಮನ ಮುಗಿದ ವಾರಕ್ಕೆ ಅವರ ಮಗ ಫೋನ್ ಮಾಡಿದ. ಗೋಡೌನ್ ಖಾಲಿ ಮಾಡುತ್ತಿದ್ದಾನಂತೆ. “ಅಂಕಲ್, ಹನ್ನೆರಡು ಸೋಲಾರ್ ಅದಾವ್ರಿ. ಅಪ್ಪಾರ ನೆನಪಿಗೆ ಅಂ‍ತ ಸಂಘಕ್ಕ ಕೊಡೂಣು. ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಳ್ರಿ.” ರಕ್ತದಲ್ಲೇ ಇದೆ, ಏನು ಮಾಡುವುದು! ಕಾರ್ಯಕ್ರಮದ ಮಾತೆತ್ತಿದರೆ ನಿಮ್ಮ ಅಂಗಡಿ ಮುಂದೆ ತಂದು ಸುರಿಯುತ್ತೇನೆ ಎಂದು ರೇಗಿ ಫೋನ್ ಇಟ್ಟೆ.

ಆಮೇಲೆ, ಅಂದು ಅಲೆಯದೆ ಬಿಟ್ಟಿದ್ದನ್ನು ಈಗ ಅಲೆದೆ. ಒಡೆದ ಪ್ಯಾನೆಲ್ ಹಿತ್ತಲಿಗೆ ಒರಗಿಸಿಕೊಂಡು ಕೂತವರು ನಾವೊಬ್ಬರೇ ಅಲ್ಲ. ಒಂದು ಶಾಲೆ, ಎರಡು ಹೋಟೆಲು, ಮಡ್ಕಯಿಯ ಒಂದು ಕಾರ್ಖಾನೆ, ಎಲ್ಲರೂ ಯಾರಾದರೂ ಒಯ್ದರೆ ಸಾಕು ಎಂದು ಕಾಯುತ್ತಿದ್ದರು. ಇಪ್ಪತ್ತು ದಿನದ ಓಡಾಟದಲ್ಲಿ ಒಂದು ಲಾರಿ ತುಂಬಿತು. ಇಪ್ಪತ್ತೇ ದಿನ. ಕಾಗದಪತ್ರ ಬರೆಸಿಕೊಂಡು ಲಾರಿಯವನು ಎಲ್ಲವನ್ನೂ ಬಿಡಿಸುವ ಕಾರ್ಖಾನೆಗೆ ಒಯ್ದ.

ಈ ಸುದ್ದಿ ಹೇಳಲು ನಾನೇ ಗುಡ್ಡ ಹತ್ತಿ ಮಹಬೂಬಿಯ ಮನೆಗೆ ಹೋದೆ. ಹೊಗಳಿಸಿಕೊಳ್ಳಲು ಹೋದೆ ಅಂತಲೇ ಅನ್ನಿ. ಅವಳು ಒಲೆಯ ಮುಂದೆ ಕೂತಿದ್ದಳು. ಎಡಗೈಯಲ್ಲಿ ತಟ್ಟುತ್ತಿದ್ದಳು, ಬಲಗೈಯ ಮಡಚಿದ ಬೆರಳುಗಳಿಂದ ಹಿಟ್ಟಿನ ಅಂಚು ಒತ್ತಿ ಹಿಡಿದಿದ್ದಳು. ಎಲ್ಲ ಹೇಳಿದೆ. ಲಾರಿ, ಕಾರ್ಖಾನೆ, ಗಾಜು ಬೇರೆ, ಲೋಹ ಬೇರೆ.

“ಚಲೋ ಆತ್ರಿ” ಎಂದಳು. ಸ್ವಲ್ಪ ಹೊತ್ತು ತಟ್ಟಿದಳು. ಆಮೇಲೆ ತಲೆ ಎತ್ತದೆ ಕೇಳಿದಳು, “ಮಾಸ್ತರ, ಸಾವ್ಕಾರ್ರು ತೀರಿಕೊಂಡ್ರು, ಅವ್ರನ್ನ ಕೇಳಾಕ ಆಗಲಿಲ್ಲ. ಅದ್ರಾಗ ಕರೆಂಟ್ ಇರತೈತಿ ಅಂತ ಅವ್ರಿಗೆ ಗೊತ್ತಿತ್ತೇನ್ರಿ?”

“ನಾ ಹೇಳಿದ್ದೆ. ಅವ್ರು ನಂಬಲಿಲ್ಲ, ಚೇಷ್ಟಿ ಮಾಡಿ ನಕ್ರು” ಎಂದೆ. ಹೇಳುವಾಗ ನನ್ನ ದನಿಯಲ್ಲಿ, ತಪ್ಪು ಅವರದು ಎಂಬ ಒಂದು ನಿರಾಳ ಇತ್ತು. ನನಗೇ ಕೇಳಿಸಿತು.

ಅವಳು ಕೈ ನಿಲ್ಲಿಸಿದಳು. ಸಿಟ್ಟಿರಲಿಲ್ಲ. ತಿಳಿಯದ್ದನ್ನು ಕೇಳುವವರ ಹಾಗೆ ನನ್ನ ಮುಖ ನೋಡಿದಳು.

“ಕೊಡಾವ್ರಿಗೆ ಹೇಳಿದ್ರಿ. ತಗೊಳ್ಳಾಕಿಗೆ ಯಾಕ ಹೇಳಲಿಲ್ರಿ? ದಿನಾ ರೊಟ್ಟಿ ಹಿಡಕೊಂಡು ನಿಮ್ಮ ಬಾಗಲಾಗೂ ನಿಂದರ್ತಿದ್ನಲ್ರಿ ನಾನು.”